ಹಿತ್ತಿಲಿನಲ್ಲಿ ವಸಂತ

(ಬಾನುಲಿ ಭಾಷಣ)

ವಸಂತ ಋತುವನ್ನು ಕುರಿತು ಮಾತನಾಡಲು ಹೊರಟವರಿಗೆ ನಮ್ಮ ಸಾಹಿತ್ಯದಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಮಾವಿನ ಚಿಗುರು, ಕೋಗಿಲೆಯ ಉಲಿ, ಮಲ್ಲಿಗೆಯ ಕಂಪು, ಮಂದಾನಿಲ, ವಿರಹಿಗಳ ನಿಟ್ಟುಸಿರು—ಇವಿಷ್ಟೂ ಒಂದೆಡೆ ಸೇರಿದರೆ ಋತುವರ್ಣನೆ ಸಿದ್ಧವಾಯಿತು. ಮಹಾಕಾವ್ಯಕ್ಕೆ ಬೇಕೆಂದು ಲಾಕ್ಷಣಿಕರು ಹೇಳಿದ ಹದಿನೆಂಟು ವರ್ಣನೆಗಳಲ್ಲಿ ಅದೂ ಒಂದು. ಆದರೆ ಕಾವ್ಯದ ವಸಂತ ಅರಸರ ಉದ್ಯಾನಕ್ಕೆ ಸೇರಿದ್ದು. ಅಲ್ಲಿ ವಿಹರಿಸುವವರು ಕಾಣುತ್ತಾರೆ, ಕೆಲಸ ಮಾಡುವವರು ಕಾಣುವುದಿಲ್ಲ. ಉದುರಿದ ಎಲೆಗಳನ್ನು ಗುಡಿಸಿದವರು ಯಾರು, ಬತ್ತಿದ ಪಾತಿಗೆ ನೀರೆರೆದವರು ಯಾರು ಎಂಬುದನ್ನು ಕವಿ ಹೇಳುವುದಿಲ್ಲ. ನಾನು ಇಂದು ಹೇಳಹೊರಟಿರುವುದು ಅಂಥ ಉದ್ಯಾನದ ಮಾತಲ್ಲ; ಮನೆಯ ಹಿಂದೆ, ಬಟ್ಟೆ ಒಣಹಾಕುವ ಹಗ್ಗಕ್ಕೂ ಕಾಂಪೌಂಡು ಗೋಡೆಗೂ ನಡುವೆ ಉಳಿದಿರುವ ಹತ್ತಾರು ಅಡಿ ನೆಲದ ಮಾತು. ವಸಂತ ಅಲ್ಲಿಗೂ ಬರುತ್ತದೆ. ಬಂದಾಗ ನಮ್ಮ ಕೆಲಸವೇನು ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಹುಡುಕುವವರು ಸ್ವಲ್ಪ ಎಚ್ಚರದಿಂದಿರಬೇಕು. ಇಂಗ್ಲೆಂಡಿನ ತೋಟಗಾರಿಕೆಯ ಪುಸ್ತಕವೊಂದನ್ನು ತೆರೆದರೆ, ವಸಂತವೆಂದರೆ ಅಗೆಯುವ, ಬಿತ್ತುವ, ಕತ್ತರಿಸಿ ಶುಚಿಗೊಳಿಸುವ ಕಾಲವೆಂದು ಬರೆದಿರುತ್ತದೆ. ಆ ದೇಶಕ್ಕೆ ಅದು ಸರಿ. ಚಳಿಗಾಲವೆಲ್ಲ ತಣ್ಣಗೆ ಮಲಗಿದ್ದ ನೆಲ ಅಲ್ಲಿ ಮಾರ್ಚ್-ಏಪ್ರಿಲಿನಲ್ಲಿ ಎಚ್ಚರಗೊಳ್ಳುತ್ತದೆ. ನಮ್ಮ ಮೈಸೂರು ಸೀಮೆಯ ವಸಂತ ಬೇರೆ ಬಗೆಯದು. ಜನವರಿಯಿಂದ ಮಾರ್ಚ್‌ವರೆಗೆ ಇಲ್ಲಿ ಮಳೆ ಅಪರೂಪ. ಚೈತ್ರ ಕಾಲಿಡುವ ಹೊತ್ತಿಗೆ ನೆಲ ಒಣಗಿ ಬಾಯಿ ಬಿಟ್ಟಿರುತ್ತದೆ. ಅದೇ ಸಮಯದಲ್ಲಿ ಹೊಂಗೆಯಂಥ ಮರಗಳು ಹಳೆಯ ಎಲೆಯನ್ನೆಲ್ಲ ಕಳಚಿ, ಕೆಲವೇ ದಿನಗಳಲ್ಲಿ ಮೈತುಂಬ ಚಿಗುರುತ್ತವೆ. ಶಿಶಿರವೂ ವಸಂತವೂ ಒಂದೇ ಮರದಲ್ಲಿ, ಒಂದೇ ಪಕ್ಷದಲ್ಲಿ ಕಾಣಸಿಗುವ ದೇಶ ನಮ್ಮದು. ಆದ್ದರಿಂದ ನಮ್ಮ ಹಿತ್ತಿಲಿನ ವಸಂತಕಾರ್ಯದಲ್ಲಿ ಮಾಡುವುದಕ್ಕಿಂತ ಮಾಡದೆ ಬಿಡುವುದೇ ಹೆಚ್ಚು. ಏನನ್ನು ಬಿಡಬೇಕು, ಏಕೆ ಬಿಡಬೇಕು ಎಂಬುದನ್ನು ತಿಳಿದು ಬಿಡುವುದಕ್ಕೂ ಸೋಮಾರಿತನಕ್ಕೂ ವ್ಯತ್ಯಾಸವುಂಟು. ಆ ವ್ಯತ್ಯಾಸವನ್ನು ವಿವರಿಸುವುದೇ ಈ ಭಾಷಣದ ಉದ್ದೇಶ.

ನಮ್ಮ ಮನೆಯ ಹಿತ್ತಿಲು ದೊಡ್ಡದೇನಲ್ಲ. ಒಂದು ತೆಂಗು, ಒಂದು ನುಗ್ಗೆ, ಕರಿಬೇವಿನ ಗಿಡ, ನಿಂಬೆ, ದಾಸವಾಳದ ಎರಡು ಪೊದೆ, ಗೋಡೆಯಾಚೆಯಿಂದ ಬಾಗಿ ನಮ್ಮ ಕಡೆಗೂ ನೆರಳು ಚೆಲ್ಲುವ ಒಂದು ಹೊಂಗೆ—ಇಷ್ಟೇ ಆಸ್ತಿ. ಹಳೆಯ ಬಡಾವಣೆಗಳಲ್ಲಿ ಇಂಥ ಹಿತ್ತಿಲುಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ನಾನು ಹೇಳುವುದೆಲ್ಲ ಈ ಅಳತೆಯ ಹಿತ್ತಿಲಿಗೆ ಒಪ್ಪುವಂಥದು.

ಮೊದಲು ಎಲೆಯ ವಿಚಾರ. ಫಾಲ್ಗುಣದಲ್ಲಿ ಹೊಂಗೆಯ ಎಲೆ ಉದುರತೊಡಗಿದರೆ ಬೆಳಗ್ಗೆ ಗುಡಿಸಿದ ನೆಲ ಮಧ್ಯಾಹ್ನದ ವೇಳೆಗೆ ಮತ್ತೆ ಮುಚ್ಚಿಹೋಗುತ್ತದೆ. ಬೇಸತ್ತ ಮನೆಯವರು ಎಲ್ಲವನ್ನೂ ಒಂದು ಮೂಲೆಗೆ ರಾಶಿಹಾಕಿ ಬೆಂಕಿ ಕೊಡುತ್ತಾರೆ. ಸಂಜೆಯ ಹೊತ್ತು ಬೀದಿಬೀದಿಯಲ್ಲಿ ಈ ಹೊಗೆ ಏಳುವುದನ್ನು ನೀವೂ ಕಂಡಿರಬಹುದು. ಒಣಗಿದ ಎಲೆ ಬೇಗ ಹೊತ್ತಿಕೊಳ್ಳುತ್ತದೆ, ಅರೆಹಸಿಯದು ಗಂಟೆಗಟ್ಟಲೆ ಹೊಗೆಯಾಡುತ್ತದೆ. ಆ ಹೊಗೆಯ ಸೂಕ್ಷ್ಮ ಕಣಗಳು ಉಬ್ಬಸವಿರುವವರ ಎದೆಗೆ ನೇರವಾಗಿ ಇಳಿಯುತ್ತವೆ. ನಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಮರವು ವರ್ಷವಿಡೀ ಬೇರಿನಿಂದ ಮೇಲಕ್ಕೆಳೆದ ಸಾರದ ಒಂದು ಪಾಲು ಆ ಎಲೆಯಲ್ಲಿರುತ್ತದೆ. ನೆಲಕ್ಕೆ ಮರಳಬೇಕಾದ ಆ ಸಾರದಲ್ಲಿ ಸಾರಜನಕವೆಲ್ಲ ಬೆಂಕಿಯಲ್ಲಿ ಆಕಾಶಕ್ಕೆ ಹೋಗುತ್ತದೆ. ಉಳಿಯುವುದು ಹಿಡಿ ಬೂದಿ. ಎಲೆಯನ್ನು ಸುಟ್ಟು, ಅನಂತರ ಪೇಟೆಯಿಂದ ಗೊಬ್ಬರದ ಚೀಲ ತರುವುದು ನಮ್ಮ ಕಾಲದ ವಿಚಿತ್ರ ಗೃಹಕೃತ್ಯಗಳಲ್ಲಿ ಒಂದು.

ಎಲೆಯನ್ನು ಗೊಬ್ಬರವಾಗಿಸುವ ಕ್ರಮವನ್ನು ಶಾಸ್ತ್ರೀಯವಾಗಿ ರೂಪಿಸಿದ ಕೀರ್ತಿ ಭಾರತದ ನೆಲಕ್ಕೇ ಸೇರಬೇಕು. ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ 1924ರಿಂದ 1931ರವರೆಗೆ ಇಂದೂರಿನ ಸಂಶೋಧನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಹೊಲದ ಕಸಕಡ್ಡಿ, ಎಲೆ, ಸಗಣಿ, ಮಣ್ಣು, ಬೂದಿ ಇವುಗಳನ್ನು ಪದರಪದರವಾಗಿ ಹಾಕಿ, ನೀರು ಚಿಮುಕಿಸಿ, ಆಗಾಗ ತಿರುವಿ, ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ವಿಧಾನವನ್ನು ಅವರು ಅಲ್ಲಿ ಹದಗೊಳಿಸಿದರು. ಜಗತ್ತಿನಾದ್ಯಂತ ಅದು 'ಇಂದೂರು ವಿಧಾನ' ಎಂದೇ ಹೆಸರಾಯಿತು. ಈ ದೇಶದ ರೈತರನ್ನು ತಮ್ಮ ಗುರುಗಳೆಂದು ಹೇಳಿಕೊಳ್ಳಲು ಅವರು ಸಂಕೋಚಪಡಲಿಲ್ಲ.

ಮನೆಯ ಹಿತ್ತಿಲಿಗೆ ಇದನ್ನು ಕಿರಿದುಗೊಳಿಸಿಕೊಳ್ಳಬಹುದು. ಮೂರಡಿ ಉದ್ದ, ಮೂರಡಿ ಅಗಲ, ಎರಡಡಿ ಆಳದ ಒಂದು ಗುಂಡಿ ಸಾಕು. ಅರ್ಧ ಅಡಿ ಎಲೆ, ಅದರ ಮೇಲೆ ಅಡಿಗೆಮನೆಯ ಹಸಿ ಕಸ, ಸಿಕ್ಕಿದರೆ ಒಂದಿಷ್ಟು ಸಗಣಿಯ ಬಗ್ಗಡ, ಮೇಲೆ ತೆಳುವಾಗಿ ಮಣ್ಣು, ಮತ್ತೆ ಎಲೆ. ಹೀಗೆ ಹಸಿಯದನ್ನೂ ಒಣಗಿದ್ದನ್ನೂ ಬೆರಸುವುದಕ್ಕೆ ಕಾರಣವಿದೆ. ಎಲೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಣ ಎಲೆಯಲ್ಲಿ ಇಂಗಾಲ ಯಥೇಚ್ಛವಾಗಿ ಸಿಗುತ್ತದೆ, ಸಾರಜನಕ ಸಾಲದು. ಸಿಪ್ಪೆ ಸಗಣಿಗಳಿಂದ ಅದು ಒದಗುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿದಾಗ ಇರುವಷ್ಟು ತೇವ ಸಾಕು. ತಿಂಗಳಿಗೊಮ್ಮೆ ತಿರುವಿಹಾಕಿದರೆ ಗಾಳಿ ಆಡುತ್ತದೆ, ನಾತ ಬರುವುದಿಲ್ಲ. ಯುಗಾದಿಯಂದು ತುಂಬಿದ ಗುಂಡಿ ಆಷಾಢದ ಹೊತ್ತಿಗೆ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬೀರುತ್ತದೆ.

ಗುಂಡಿಗೆ ಹಿಡಿಸದ ಎಲೆಯನ್ನು ಗಿಡಗಳ ಬುಡಕ್ಕೆ ಹರಡಬಹುದು. ಮೂರು ನಾಲ್ಕು ಅಂಗುಲ ದಪ್ಪ ಹೊದಿಕೆಯಿದ್ದರೆ ಸುಡುಬಿಸಿಲಿನಲ್ಲೂ ಅದರ ಕೆಳಗಿನ ಮಣ್ಣು ತಂಪಾಗಿರುತ್ತದೆ, ಎರೆದ ನೀರು ಆವಿಯಾಗಿ ಹೋಗುವುದಿಲ್ಲ. ಕಾಂಡಕ್ಕೆ ಮಾತ್ರ ಎಲೆ ತಗುಲದಂತೆ ಒಂದು ಗೇಣು ಜಾಗ ಬಿಡಬೇಕು. ಇಲ್ಲವಾದರೆ ತೊಗಟೆ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ.

ಎರಡನೆಯದು ಕತ್ತರಿಯ ವಿಚಾರ. ದಾಸವಾಳ ಅಡ್ಡಾದಿಡ್ಡಿ ಬೆಳೆದಿದೆ, ನಿಂಬೆಯ ಕೊಂಬೆ ಮುಖಕ್ಕೆ ತಗಲುತ್ತದೆ, ಯುಗಾದಿಗೆ ಮುಂಚೆ ಒಮ್ಮೆ ಸವರಿಬಿಡೋಣ ಎಂದು ತೋರುವುದು ಸಹಜ. ಆದರೆ ಇದೇ ಕಾಲದಲ್ಲಿ ಆ ಪೊದೆಗಳಲ್ಲಿ ಸಂಸಾರಗಳು ಹೂಡಿಕೊಂಡಿರುತ್ತವೆ. ಪಿಕಳಾರ ಹಕ್ಕಿ ಎದೆಯೆತ್ತರದ ಕವಲಿನಲ್ಲಿ ಬಟ್ಟಲಿನಂಥ ಗೂಡು ಕಟ್ಟಿ ಎರಡೋ ಮೂರೋ ಮೊಟ್ಟೆಯಿಡುತ್ತದೆ. ಸಿಂಪಿಗ ಹಕ್ಕಿಯ ಕಸುಬು ಇನ್ನೂ ಸೋಜಿಗದ್ದು. ಅಗಲವಾದ ಒಂದು ಎಲೆಯನ್ನೋ ಪಕ್ಕಪಕ್ಕದ ಎರಡು ಎಲೆಗಳನ್ನೋ ಆರಿಸಿಕೊಂಡು, ಅಂಚಿನಲ್ಲಿ ಕೊಕ್ಕಿನಿಂದ ಸಣ್ಣ ತೂತು ಕೊರೆದು, ಹತ್ತಿಯ ಎಳೆ, ಜೇಡನ ನೂಲು, ನಾರು ಇವುಗಳನ್ನು ತೂರಿಸಿ ಹೊಲಿಯುತ್ತದೆ. ನಮ್ಮ ದರ್ಜಿಯಂತೆ ಉದ್ದಕ್ಕೂ ಒಂದೇ ದಾರ ಎಳೆಯುವುದಿಲ್ಲ. ಒಂದೊಂದು ತೂತಿನಲ್ಲೂ ಎಳೆಯ ತುದಿ ಗುಂಡಿಯಂತೆ ಉಬ್ಬಿಕೊಂಡು ಹಿಡಿಯುತ್ತದೆ. ಹೀಗಾದ ಎಲೆಯ ದೊನ್ನೆಯೊಳಗೆ ಮೆತ್ತನೆಯ ಗೂಡು. ಎಲೆ ಗಿಡದಲ್ಲೇ ಇರುವುದರಿಂದ ಹಸಿರು ಮಾಸುವುದಿಲ್ಲ, ಗೂಡಿದೆಯೆಂಬ ಗುಟ್ಟು ರಟ್ಟಾಗುವುದಿಲ್ಲ.

ಸೂರಕ್ಕಿಯ ಉಪಾಯ ಇದಕ್ಕೆ ವಿರುದ್ಧವಾದದ್ದು. ಹೆಬ್ಬೆರಳಿನಷ್ಟು ಚಿಕ್ಕದಾದ ಈ ಹಕ್ಕಿ ಕೊಂಬೆಯ ತುದಿಯಲ್ಲೋ, ಬಟ್ಟೆ ಹಗ್ಗದ ಕೊನೆಯಲ್ಲೋ ಚೀಲದಂತೆ ಜೋತುಬೀಳುವ ಗೂಡು ಕಟ್ಟುತ್ತದೆ. ನಾರನ್ನು ಜೇಡರ ಬಲೆಯಿಂದ ಬಿಗಿದು, ಹೊರಮೈಗೆ ತೊಗಟೆಯ ಚೂರು, ಒಣ ಎಲೆಯ ತುಣುಕು, ಕಂಬಳಿಹುಳುವಿನ ಹಿಕ್ಕೆಗಳನ್ನು ಅಂಟಿಸುತ್ತದೆ. ನೋಡಿದವರಿಗೆ ಗಾಳಿಗೆ ಸಿಕ್ಕಿಕೊಂಡ ಕಸವೆಂದೇ ತೋರಬೇಕು, ಹಾಗೆ. ಬೆಕ್ಕು ಕಾಗೆಗಳನ್ನು ಮರುಳುಗೊಳಿಸುವ ಈ ವೇಷ ಶುಚಿತ್ವದ ಗೀಳಿರುವ ಮನುಷ್ಯನ ಮುಂದೆ ಮಾತ್ರ ಅಪಾಯಕ್ಕೆ ತಿರುಗುತ್ತದೆ. ಉದ್ದ ಕೋಲಿಗೆ ಪೊರಕೆ ಕಟ್ಟಿ ಜೇಡರ ಬಲೆ ತೆಗೆಯುವಾಗ ಎಷ್ಟು ಸೂರಕ್ಕಿಗಳ ಬಾಣಂತನ ಕೆಟ್ಟಿದೆಯೋ! ಒಣಗಿದ ಕೊಂಬೆಯ ಕಥೆಯೂ ಹೀಗೆಯೇ. ಬಿಸಿಲೇರಿದಂತೆ ಕಂಚಿನ ಪಾತ್ರೆಯನ್ನು ಬಡಿದ ಹಾಗೆ 'ಟುಕ್, ಟುಕ್' ಎಂದು ಬಿಡುವಿಲ್ಲದೆ ಕೂಗುವ ಚಿಕ್ಕ ಕುಟ್ರುಹಕ್ಕಿ ಗೂಡು ಕೊರೆಯುವುದು ಮೆದುವಾದ ಒಣಕೊಂಬೆಯಲ್ಲಿ. ಅದು ಬಿಟ್ಟುಹೋದ ಪೊಟರೆ ಮುಂದೆ ಮತ್ತೊಂದು ಹಕ್ಕಿಗೆ ಒದಗುವುದೂ ಉಂಟು. ತಲೆಯ ಮೇಲೆ ಬೀಳುವ ಭಯವಿಲ್ಲದ ಕಡೆ ಒಂದು ಒಣಕೊಂಬೆಯನ್ನು ಹಾಗೆಯೇ ಬಿಟ್ಟರೆ ಮನೆ ಬಾಡಿಗೆಗೆ ಕೊಟ್ಟಂತೆ.

ಇದಕ್ಕೆ ನಾನು ಅನುಸರಿಸುವ ನಿಯಮ ಸರಳವಾದದ್ದು. ಕತ್ತರಿ ಹಿಡಿಯುವ ಮುನ್ನ ಹತ್ತು ನಿಮಿಷ ದೂರದಲ್ಲಿ ಕುಳಿತು ನೋಡುತ್ತೇನೆ. ಕೊಕ್ಕಿನಲ್ಲಿ ನಾರನ್ನೋ ಹುಳವನ್ನೋ ಹಿಡಿದ ಹಕ್ಕಿ ಒಂದೇ ಪೊದೆಗೆ ಮತ್ತೆಮತ್ತೆ ಹೋಗುತ್ತಿದ್ದರೆ ಕತ್ತರಿಯನ್ನು ಒಳಗಿಡುತ್ತೇನೆ. ಮರಿ ಹಾರಿಹೋಗುವ ತನಕ, ಅಂದರೆ ಸುಮಾರು ಒಂದು ತಿಂಗಳು, ದಾಸವಾಳ ಅಡ್ಡಾದಿಡ್ಡಿ ಬೆಳೆದರೆ ಪ್ರಪಂಚ ಮುಳುಗುವುದಿಲ್ಲ.

ಸಾಹಿತ್ಯದಲ್ಲಿ ಆಸಕ್ತಿಯುಳ್ಳ ತಮಗೆ ಇಲ್ಲಿ ಇನ್ನೊಂದು ಮಾತು ಹೇಳಬೇಕೆನ್ನಿಸುತ್ತದೆ. ನಮ್ಮ ಭಾಷೆಯ ಎಷ್ಟೋ ಮಾತುಗಳು ಹಿತ್ತಿಲಿನಲ್ಲಿ ಹುಟ್ಟಿದವು. ಕೋಗಿಲೆಗೆ ಸಂಸ್ಕೃತದಲ್ಲಿ 'ಪರಭೃತ', 'ಪರಪುಷ್ಟ' ಎಂಬ ಹೆಸರುಗಳಿವೆ. ಹಳಗನ್ನಡದಲ್ಲಿ ಅದೇ 'ಪರಪುಟ್ಟ'ವಾಯಿತು. ಪರರಿಂದ ಸಾಕಲ್ಪಟ್ಟದ್ದು ಎಂದು ಅರ್ಥ. ಕೋಗಿಲೆ ಗೂಡು ಕಟ್ಟದೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದನ್ನು ಯಾರೋ ಕಣ್ಣಾರೆ ಕಂಡು ಇಟ್ಟ ಹೆಸರು ಇದು. ನಮ್ಮ ಊರುಗಳಲ್ಲಿ ಕಾಗೆ ಗೂಡುಕಟ್ಟುವುದು ಏಪ್ರಿಲಿನಿಂದೀಚೆಗೆ. ಕೋಗಿಲೆ ಕಂಠ ತೆರೆಯುವುದೂ ಆ ಹೊತ್ತಿಗೇ. ಕಾವ್ಯದ ಪಂಚಮಸ್ವರ ಈ ಲೆಕ್ಕಾಚಾರದ ಭಾಗ. ಅದನ್ನು ಹಾಡುವುದು ಕರಿಯ ಗಂಡು. ಬೂದುಗಂದು ಮೈಯ ಮೇಲೆ ಬಿಳಿ ಚುಕ್ಕೆಗಳಿರುವ ಹೆಣ್ಣಿನ ದನಿ ಬರಿಯ 'ಕಿಕ್ ಕಿಕ್' ಎಂಬ ಚೀರು. ಕೋಗಿಲಕಂಠಿ ಎಂದು ಹೆಣ್ಣನ್ನು ಹೊಗಳಿದ ಕವಿ ಈ ಒಂದು ವಿವರವನ್ನು ಮಾತ್ರ ಗಮನಿಸಲಿಲ್ಲ.

ಇನ್ನೊಂದು ಮಾತು 'ಭ್ರಮರಕೀಟ ನ್ಯಾಯ'. ಕೀಟವು ಭ್ರಮರವನ್ನೇ ಸದಾ ಧ್ಯಾನಿಸುತ್ತ ತಾನೂ ಭ್ರಮರವಾಗುವಂತೆ ಜೀವನು ಬ್ರಹ್ಮವನ್ನು ಧ್ಯಾನಿಸಿ ಬ್ರಹ್ಮವೇ ಆಗುತ್ತಾನೆ ಎಂದು ವೇದಾಂತಿಗಳು ದೃಷ್ಟಾಂತ ಕೊಡುತ್ತಾರೆ. ಇದರ ಮೂಲವೂ ಮನೆಯ ಗೋಡೆಯೇ. ಒಂದು ಜಾತಿಯ ಕಣಜ ಜೇಡಿಮಣ್ಣಿನಿಂದ ಗೋಲಿಯಷ್ಟು ದೊಡ್ಡ ಕುಡಿಕೆ ಮಾಡಿ, ಹಸಿರು ಹುಳುಗಳನ್ನು ಹೊತ್ತುತಂದು ಅದರೊಳಗಿಟ್ಟು ಬಾಯಿ ಮುಚ್ಚುತ್ತದೆ. ಕೆಲವು ವಾರಗಳ ಮೇಲೆ ಕುಡಿಕೆ ಒಡೆದು ಹೊರಬರುವುದು ಹುಳುವಲ್ಲ, ಕಣಜ. ಒಳಹೋದದ್ದು ಹುಳು, ಹೊರಬಂದದ್ದು ಕಣಜ. ನೋಡಿದವರು ಧ್ಯಾನದ ಮಹಿಮೆಯೆಂದು ಬಗೆದರು. ಫ್ರಾನ್ಸ್ ದೇಶದ ಜಾನ್ ಆನ್ರಿ ಫಾಬ್ರ್ ಎಂಬ ಶಾಲಾಮಾಸ್ತರರು, 1823ರಲ್ಲಿ ಹುಟ್ಟಿ 1915ರಲ್ಲಿ ತೀರಿಕೊಂಡವರು, ತಮ್ಮ ಮನೆಯ ಸುತ್ತಲಿನ ಕಣಜಗಳನ್ನು ವರ್ಷಾನುಗಟ್ಟಲೆ ನೋಡಿ ನಿಜವನ್ನು ಬರೆದರು. ಕಣಜ ಹುಳುವನ್ನು ಕೊಲ್ಲುವುದಿಲ್ಲ. ಕೊಂಡಿಯಿಂದ ಚುಚ್ಚಿ ಮರಗಟ್ಟಿಸುತ್ತದೆ. ತನ್ನ ಮೊಟ್ಟೆಯನ್ನು ಕುಡಿಕೆಯ ಸೂರಿನಿಂದ ಕೂದಲಿಗಿಂತ ತೆಳುವಾದ ಎಳೆಯಲ್ಲಿ ತೂಗಬಿಡುತ್ತದೆ. ಮೊಟ್ಟೆಯೊಡೆದ ಮರಿ ಕೆಳಗಿರುವ ತಾಜಾ ಆಹಾರವನ್ನು ತಿಂದು ಬೆಳೆಯುತ್ತದೆ. ವೇದಾಂತದ ದೃಷ್ಟಾಂತಕ್ಕೆ ಇದರಿಂದ ಭಂಗವೇನೂ ಇಲ್ಲ. ಅದರ ಸತ್ಯ ಬೇರೆಯ ಕಡೆ ಇದೆ. ಆದರೆ ಗೋಡೆಯ ಮೇಲಿನ ಮಣ್ಣಿನ ಕುಡಿಕೆಯನ್ನು ಚಾಕುವಿನಿಂದ ಕೆರೆದುಹಾಕುವ ಮುನ್ನ ನಮ್ಮ ತತ್ತ್ವಶಾಸ್ತ್ರ ಅದನ್ನು ಎಷ್ಟು ಗೌರವದಿಂದ ನೋಡಿತ್ತೆಂದು ನೆನೆಯಬಹುದು. ಒಂಟಿಯಾಗಿ ಬಾಳುವ ಈ ಕಣಜ ತಾನಾಗಿ ಮೇಲೆ ಬಿದ್ದು ಕಚ್ಚುವುದಿಲ್ಲ. ತರಕಾರಿ ಗಿಡದ ಹುಳುಗಳನ್ನು ಕಡಿಮೆಮಾಡುವ ಉಪಕಾರವನ್ನೂ ಮಾಡುತ್ತದೆ.

ಹುಳುವಿನ ಮಾತು ಬಂದದ್ದರಿಂದ ಕರಿಬೇವಿನ ಗಿಡದ ಬಳಿಗೆ ಹೋಗೋಣ. ಚಿಗುರೆಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಪ್ಪು-ಬಿಳಿ ಮಚ್ಚೆ ಕಂಡರೆ ಒರಸಿಹಾಕಬೇಡಿ. ಅದು ನಿಂಬೆ ಚಿಟ್ಟೆಯ ಮರಿಹುಳು. ನಾಲ್ಕು ಬಾರಿ ಪೊರೆ ಕಳಚಿದ ಮೇಲೆ ಎಲೆಯ ಬಣ್ಣಕ್ಕೆ ತಿರುಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ಕತ್ತಿನ ಹಿಂದಿನಿಂದ ಕೆಂಪಗೆ ಕವಲೊಡೆದ ಕೊಂಬನ್ನು ಹೊರಚಾಚಿ ಘಾಟು ವಾಸನೆ ಬೀರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಹುಳುವನ್ನು ರೆಂಬೆಸಹಿತ ಅಗಲ ಬಾಯಿಯ ಗಾಜಿನ ಭರಣಿಯಲ್ಲಿಟ್ಟು, ತೆಳುಬಟ್ಟೆ ಕಟ್ಟಿ, ದಿನವೂ ಹೊಸ ಎಲೆ ಕೊಟ್ಟು ಸಾಕಬಹುದು. ರೇಶ್ಮೆಯ ನಡುಕಟ್ಟು ಬಿಗಿದುಕೊಂಡು ಕೋಶವಾಗಿ, ಒಂದು ಬೆಳಗ್ಗೆ ಚಿಟ್ಟೆಯಾಗಿ ಹೊರಬರುವುದನ್ನು ಕಂಡ ಮಗುವಿಗೆ ಬೇರೆ ಪಾಠ ಬೇಡ. ಇದು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಉತ್ತರ ಕನ್ನಡದ ಚಿಟ್ಟೆಗಳ ಜೀವನವೃತ್ತಾಂತ ಲೋಕಕ್ಕೆ ತಿಳಿದದ್ದು ಈ ಬಗೆಯ ಸಾಕಾಣಿಕೆಯಿಂದಲೇ. ಸುಂಕದ ಇಲಾಖೆಯ ಐಟ್ಕೆನ್, ಅರಣ್ಯ ಇಲಾಖೆಯ ಬೆಲ್, ಅವರ ಸ್ನೇಹಿತ ಡೇವಿಡ್‌ಸನ್—ಈ ಮೂವರು ಸರ್ಕಾರಿ ಅಧಿಕಾರಿಗಳು ಬಿಡುವಿನ ವೇಳೆಯಲ್ಲಿ ಹುಳುಗಳನ್ನು ಸಾಕಿ ನೋಡಿ ಬರೆದ ಲೇಖನ 1896ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಇಂದಿಗೂ ಚಿಟ್ಟೆಯ ವಿದ್ವಾಂಸರು ಅದನ್ನು ತೆರೆದು ನೋಡುತ್ತಾರೆ.

ಇನ್ನು ಕೈಕೆಲಸ. ವಸಂತದ ಹಿತ್ತಿಲು ಕಸವನ್ನು ಕೊಡುವಂತೆ ಸಾಮಗ್ರಿಯನ್ನೂ ಕೊಡುತ್ತದೆ. ತೆಂಗಿನ ಮರವೊಂದು ವರ್ಷಕ್ಕೆ 12ರಿಂದ 15 ಗರಿಗಳನ್ನು ಬಿಡುತ್ತದೆ. ಒಂದೊಂದು ಗರಿಯಲ್ಲಿ ಇನ್ನೂರಕ್ಕೂ ಮಿಗಿಲಾದ ಎಲೆಗಳು. ಬಿದ್ದ ಸೋಗೆಯನ್ನು ಎಳೆದು ಹೊರಗೆ ಹಾಕಿಸಲು ನಾನು ಹೊರಟಾಗ, ನಮ್ಮ ಮನೆಗೆ ಕೆಲಸಕ್ಕೆ ಬರುವ ಹಿರಿಯ ಹೆಂಗಸೊಬ್ಬರು ತಡೆದು, "ಇದ್ಯಾಕೆ ಕಸ ಆದದು ಸಾಮಿ, ಆರು ತಿಂಗಳ ಪೊರಕೆ ಇದು" ಎಂದರು. ಅವರಿಂದಲೇ ಕ್ರಮ ಕಲಿತೆ. ಎಲೆಯ ಎರಡು ಮಗ್ಗುಲನ್ನೂ ಚಾಕುವಿನಿಂದ ಸೀಳಿ ನಡುವಿನ ಕಡ್ಡಿಯನ್ನು ಬಿಡಿಸುವುದು, ಎರಡು ದಿನ ಬಿಸಿಲಿಗೆ ಹಾಕುವುದು, ಮುಷ್ಟಿಗೆ ತುಂಬುವಷ್ಟನ್ನು ಒಟ್ಟುಗೂಡಿಸಿ ದಪ್ಪ ತುದಿಯನ್ನು ನೆಲಕ್ಕೆ ಕುಟ್ಟಿ ಸಮಮಾಡುವುದು, ನಾರಿನ ಹುರಿಯಿಂದ ಬಿಗಿಯುವುದು. ಸುಲಭವೆಂದು ತೋರುತ್ತದೆ, ಆದರೆ ಅವರು ಕಟ್ಟಿದ ಪೊರಕೆ ಸಡಿಲುವುದಿಲ್ಲ, ನಾನು ಕಟ್ಟಿದ್ದನ್ನು ತಿಂಗಳಿಗೊಮ್ಮೆ ಮತ್ತೆ ಬಿಗಿಯಬೇಕು.

ಬೇಸಗೆಯಲ್ಲಿ ಹಿತ್ತಿಲಿಗೆ ಬರುವ ಪ್ರಾಣಿಗಳಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ನೀರು. ಇದಕ್ಕೆ ಕುಂಬಾರರ ಅಂಗಡಿಯ ಅಗಲವಾದ ಮಣ್ಣಿನ ತಟ್ಟೆ ಸಾಕು. ಒಂದೆರಡು ಅಂಗುಲಕ್ಕಿಂತ ಆಳ ಬೇಡ. ನಡುವೆ ಒಂದೆರಡು ಕಲ್ಲಿಡಿ—ಜೇನ್ನೊಣಗಳು ಮುಳುಗದೆ ಕುಳಿತು ಕುಡಿಯುತ್ತವೆ. ಬೆಕ್ಕು ಅಡಗಿಕೊಳ್ಳುವ ಪೊದೆಯಿಂದ ದೂರವಿರಲಿ. ನೀರನ್ನು ದಿನವೂ ಬದಲಿಸಿ, ವಾರಕ್ಕೊಮ್ಮೆ ತಟ್ಟೆಯ ಅಂಚನ್ನು ತೆಂಗಿನ ನಾರಿನಿಂದ ಉಜ್ಜಿ. ಡೆಂಗಿ ಜ್ವರ ಹರಡುವ ಸೊಳ್ಳೆ ನೀರಿನ ಅಂಚಿಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಬರಿದೆ ನೀರು ಚೆಲ್ಲಿದರೆ ಸಾಲದೆಂಬುದಕ್ಕೆ ಕಾರಣ ಇದು.

ಗುಬ್ಬಚ್ಚಿಗೆ ಗೂಡಿನ ಪೆಟ್ಟಿಗೆ ಮಾಡುವವರು ಅರ್ಧ ಅಂಗುಲ ದಪ್ಪದ ಹಲಗೆ ತೆಗೆದುಕೊಳ್ಳಬೇಕು. ತಳ ಆರು ಅಂಗುಲ ಚೌಕ, ಎತ್ತರ ಎಂಟೊಂಬತ್ತು ಅಂಗುಲ. ಮೇಲ್ಭಾಗದಲ್ಲಿ 32 ಮಿಲಿಮೀಟರ್ ಅಗಲದ ಒಂದು ಕಂಡಿ. ಕಂಡಿ ಇದಕ್ಕಿಂತ ದೊಡ್ಡದಾದರೆ ದೊಡ್ಡ ಹಕ್ಕಿಗಳು ನುಗ್ಗುತ್ತವೆ. ಒಳಗೆ ಬಣ್ಣ ಬಳಿಯಬಾರದು. ತಳದಲ್ಲಿ ನೀರಿಳಿಯಲು ಸಣ್ಣ ತೂತುಗಳಿರಲಿ. ನೆಲದಿಂದ ಎಂಟು ಹತ್ತು ಅಡಿ ಎತ್ತರದಲ್ಲಿ, ನೆರಳಿನಲ್ಲಿ ತೂಗುಹಾಕಬೇಕು. ಗುಬ್ಬಚ್ಚಿ ಎಲ್ಲೆಡೆ ಅಳಿದುಹೋಯಿತೆಂಬ ಮಾತು ಪೂರ್ತಿ ನಿಜವಲ್ಲ. 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯ ಪ್ರಕಾರ ದೇಶದಲ್ಲಿ ಒಟ್ಟಾರೆ ಅದರ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಇಳಿದಿರುವುದು ದೊಡ್ಡ ನಗರಗಳಲ್ಲಿ. ಪೆಟ್ಟಿಗೆಯೊಂದರಿಂದ ಅದು ಮರಳಿ ಬರುವುದೂ ಇಲ್ಲ. ಕಾಳು ತಿನ್ನುವ ಗುಬ್ಬಚ್ಚಿ ತನ್ನ ಮರಿಗೆ ಉಣಿಸುವುದು ಹುಳುವನ್ನು. ಹುಳುವಿಲ್ಲದ ಹಿತ್ತಿಲಿನಲ್ಲಿ ಪೆಟ್ಟಿಗೆ ತೂಗುಹಾಕುವುದು ಉಪ್ಪರಿಗೆ ಕಟ್ಟಿಸಿ ಅಡಿಗೆಮನೆ ಮರೆತಂತೆ.

ಇವೆಲ್ಲಕ್ಕಿಂತ ಅಗ್ಗದ ಕೈಕೆಲಸ ಬಿದಿರಿನ ತುಂಡುಗಳ ಕಟ್ಟು. ಒಳಗಿನ ಟೊಳ್ಳು 3ರಿಂದ 10 ಮಿಲಿಮೀಟರ್ ಇರುವ ಸಣ್ಣ ಬಿದಿರನ್ನು ಗೇಣುದ್ದಕ್ಕೆ ಕತ್ತರಿಸಿ, ಒಂದು ತುದಿಯಲ್ಲಿ ಗಿಣ್ಣು ಉಳಿಯುವಂತೆ ನೋಡಿಕೊಂಡು, ಇಪ್ಪತ್ತು ಮೂವತ್ತನ್ನು ಒಟ್ಟಿಗೆ ಬಿಗಿದು, ಬೆಳಗಿನ ಬಿಸಿಲು ಬೀಳುವ, ಮಳೆ ಹೊಡೆಯದ ಸೂರಿನ ಕೆಳಗೆ ಕಟ್ಟಬೇಕು. ಗುಲಾಬಿಯ ಎಲೆಯಂಚಿನಲ್ಲಿ ಬಿಲ್ಲೆಯಂತೆ ದುಂಡಗೆ ಕತ್ತರಿಸಿಕೊಂಡು ಹೋಗುವ ಒಂಟಿ ಜೇನ್ನೊಣವೊಂದುಂಟು. ಅದು ಆ ಎಲೆಚೂರುಗಳಿಂದ ಟೊಳ್ಳಿನಲ್ಲಿ ಸಾಲು ಕೋಣೆ ಕಟ್ಟಿ, ಪ್ರತಿಯೊಂದರಲ್ಲೂ ಪರಾಗದ ಉಂಡೆಯಿಟ್ಟು ಮೊಟ್ಟೆಯಿಡುತ್ತದೆ. ಒಳಗಿನ ಕೋಣೆಗಳಲ್ಲಿ ಹೆಣ್ಣು, ಬಾಗಿಲ ಬಳಿ ಗಂಡು. ಮೊದಲು ಹೊರಬರುವುದು ಗಂಡು. ಗುಲಾಬಿಯ ಎಲೆ ಹಾಳಾಯಿತೆಂದು ಔಷಧಿ ಹೊಡೆಯುವವರು, ತರಕಾರಿಯ ಹೂವಿಗೆ ಪರಾಗ ತರುವವರಲ್ಲಿ ಈ ನೊಣವೂ ಒಂದು ಎಂಬುದನ್ನು ನೆನೆಯಬೇಕು.

ಇಷ್ಟೆಲ್ಲ ಕೇಳಿದ ಮೇಲೆ ತಮ್ಮ ಮನಸ್ಸಿನಲ್ಲಿ ಒಂದು ಆಕ್ಷೇಪ ಎದ್ದಿರಬಹುದು: ಹಾವು ಬಂದರೆ? ಇದು ಹುಸಿ ಭಯವಲ್ಲ. ನಮ್ಮ ಮನೆಯಲ್ಲೂ ಈ ಮಾತು ಎದ್ದಿತ್ತು. ಎಂಬತ್ತು ದಾಟಿದ ನನ್ನ ತಾಯಿ ಬೆಳಗಿನ ಪೂಜೆಗೆ ದಾಸವಾಳ ಕೊಯ್ಯಲು ಹೋದಾಗ ಕಾಲಿನ ಬಳಿಯೇ ಕೇರೆಹಾವೊಂದು ಹರಿದುಹೋಯಿತು. ಅವರು ಗೋಡೆ ಹಿಡಿದುಕೊಂಡು ಸುಧಾರಿಸಿಕೊಂಡು ಬಂದು, "ಗುಡಿಸದ ಮನೆಗೆ ಲಕ್ಷ್ಮಿ ಬರೋಲ್ಲ ಕಣಪ್ಪ, ಹಾವು ಬರುತ್ತೆ. ಸಿಮೆಂಟು ಹಾಕಿಸಿಬಿಡು" ಎಂದರು. ಕೆಲಸದವರನ್ನು ಕರೆಸಿ ಲೆಕ್ಕವನ್ನೂ ಹಾಕಿಸಿದ್ದಾಯಿತು. ಕೇರೆ ವಿಷದ ಹಾವಲ್ಲ, ಇಲಿ ಹಿಡಿಯುವ ಹಾವು ಎಂದು ನಾನು ಹೇಳಬಹುದಾಗಿತ್ತು, ಹೇಳಿದೆ ಕೂಡ. ಆದರೆ ನಾಗರ, ಕಟ್ಟುಹಾವು, ಕೊಳಕುಮಂಡಲಗಳೂ ಇದೇ ಊರಿನವು. ಮಂದಗಣ್ಣಿನ ವೃದ್ಧೆಗೆ ಹಾವಿನ ಜಾತಿ ಗುರುತಿಸಿ ನಡೆಯೆಂದು ಹೇಳುವುದು ನ್ಯಾಯವಲ್ಲ.

ಆ ಸಂಜೆ ತಾಯಿಯನ್ನು ಕೈಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದೆ. "ಎಲ್ಲಿಯವರೆಗೆ ಗುಡಿಸಿದರೆ ನಿಮಗೆ ಧೈರ್ಯ, ತೋರಿಸಿ" ಎಂದೆ. ಅವರು ಸ್ವಲ್ಪ ಹೊತ್ತು ನಿಂತು ನೋಡಿ, ರಂಗೋಲಿಯ ಬಟ್ಟಲು ತರಿಸಿ, ಬಾಗಿಲಿನಿಂದ ಹತ್ತು ಹೆಜ್ಜೆ ದೂರಕ್ಕೆ, ದಾಸವಾಳದ ಪೊದೆಗಳನ್ನು ಒಳಕ್ಕೆ ಸೇರಿಸಿಕೊಂಡು ಒಂದು ಗೆರೆ ಎಳೆದರು. ಗೆರೆಯ ಈಚೆಗೆ ದಿನವೂ ಗುಡಿಸಿದ ನೆಲ. ಒಂದು ಎಲೆ, ಒಂದು ಇಟ್ಟಿಗೆಯ ಚೂರು ಸಹ ಇಲ್ಲ. ಗೆರೆಯ ಆಚೆಗೆ ಎಲೆಯ ಹೊದಿಕೆ, ಗೊಬ್ಬರದ ಗುಂಡಿ, ಒಣಕೊಂಬೆ, ಮಿಕ್ಕ ಸಂಸಾರ. ಹಾವಿಗೆ ಇಷ್ಟವಾದದ್ದು ಅಡಗುತಾಣ. ಅದು ಬಾಗಿಲ ಬಳಿ ಇಲ್ಲದಿದ್ದರೆ ಅಪಾಯ ಬಹುಮಟ್ಟಿಗೆ ದೂರವಾಯಿತು. ಸೌದೆ, ಹೆಂಚು, ಇಟ್ಟಿಗೆಗಳನ್ನು ಗೋಡೆಗೆ ಒರಗಿಸಿ ಪೇರಿಸಬಾರದು. ಕತ್ತಲಾದ ಮೇಲೆ ದೀಪವಿಲ್ಲದೆ, ಚಪ್ಪಲಿಯಿಲ್ಲದೆ ಹಿತ್ತಿಲಿಗೆ ಇಳಿಯಬಾರದು. ದೈವವಶದಿಂದ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರಕ್ಕೆ ಕಾಯುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ ಪ್ರತಿವಿಷವಿರುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಬೇಕು. ಸಿಮೆಂಟಿನ ಮಾತು ನಮ್ಮ ಮನೆಯಲ್ಲಿ ಆಮೇಲೆ ಬರಲಿಲ್ಲ. ರಂಗೋಲಿಯ ಗೆರೆ ಗಾಳಿಗೆ ಹಾರಿಹೋಯಿತು. ಅದರ ಜಾಗದಲ್ಲಿ ಈಗ ಒಂದು ಸಾಲು ಹೆಂಚಿನ ಚೂರುಗಳನ್ನು ನೆಲದಲ್ಲಿ ಹೂಳಿದ್ದೇವೆ.

ಆದರೆ ಎಷ್ಟೋ ಮನೆಗಳಲ್ಲಿ ಆ ಲೆಕ್ಕ ಕಾಗದದಿಂದ ನೆಲಕ್ಕೆ ಇಳಿದೇ ಇಳಿಯುತ್ತದೆ. ಸಿಮೆಂಟಿನ ಹಿತ್ತಿಲು ಗುಡಿಸಲು ಸುಲಭ. ಹಗಲೆಲ್ಲ ಕಾದು ರಾತ್ರಿಯಲ್ಲಿ ಕಾವು ಬಿಡುತ್ತದೆ. ಬಿದ್ದ ಮಳೆಯನ್ನೆಲ್ಲ ಚರಂಡಿಗೆ ಕಳಿಸುತ್ತದೆ. ಉಳಿಸಿದ ಒಂದು ಮರವೂ ಬುಡದಲ್ಲಿ ಉಸಿರುಕಟ್ಟಿ ಸೊರಗುತ್ತದೆ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂಬ ಗಾದೆ ನಮ್ಮಲ್ಲಿದೆ. ವಸಂತದಲ್ಲಿ ತಲೆ ಕತ್ತುಗಳನ್ನು ಕೆಂಪಗೆ ಮಾಡಿಕೊಂಡು ಬೇಲಿಯ ಮೇಲೆ ದಂಡ ಹೊಡೆಯುವ ಆ ಗಂಡು ಪ್ರಾಣಿಯನ್ನು ಕಂಡವರಿಗೆ ಗಾದೆಯ ನಗೆ ತಿಳಿಯುತ್ತದೆ. ಅದರ ಹೆಣ್ಣು ಮೊಟ್ಟೆಯಿಡುವುದು ಮಣ್ಣು ತೋಡಿ. ಮಣ್ಣಿಲ್ಲದ ಮೇಲೆ ಓತಿಕ್ಯಾತವಿಲ್ಲ, ಬೇಲಿಯಿಲ್ಲದ ಮೇಲೆ ಗೂಟವಿಲ್ಲ. ಗಾದೆಗೆ ಸಾಕ್ಷಿ ಹೇಳುವವರು ಯಾರು? ಹಿತ್ತಿಲು ಹೋದರೆ ನಿಘಂಟಿನ ಕೆಲವು ಪುಟಗಳೂ ಅದರ ಜೊತೆಗೆ ಹೋಗುತ್ತವೆಂದು ನನಗೆ ಅನ್ನಿಸುವುದು ಈ ಕಾರಣದಿಂದ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಏಪ್ರಿಲ್ ಕೊನೆಯಲ್ಲಿ ಹುಟ್ಟುವ ಆ ಮಳೆ ನಮ್ಮ ಕಡೆ ಗುಡುಗು ಸಿಡಿಲುಗಳೊಡನೆ ಬಂದು ಅರ್ಧ ಗಂಟೆ ಸುರಿದು ನಿಲ್ಲುತ್ತದೆ. ಬರಿಯ ನೆಲದ ಮೇಲೆ ಬಿದ್ದರೆ ಮಣ್ಣನ್ನು ಕೊಚ್ಚಿಕೊಂಡು ಹರಿಯುತ್ತದೆ. ಎಲೆ ಹೊದ್ದ ನೆಲದ ಮೇಲೆ ಬಿದ್ದರೆ ಹನಿಯ ಏಟು ಎಲೆಗೆ ತಾಗುತ್ತದೆ, ನೀರು ಮೆಲ್ಲನೆ ಒಳಗಿಳಿಯುತ್ತದೆ. ಅಂದು ರಾತ್ರಿ ನೆಲಗಪ್ಪೆ ಹೊರಬರುತ್ತದೆ. ಮರುಸಂಜೆ ರೆಕ್ಕೆ ಬಂದ ಗೆದ್ದಲು ಮಣ್ಣಿನಿಂದೆದ್ದು ದೀಪಕ್ಕೆ ಮುತ್ತುತ್ತವೆ. ಹಲ್ಲಿ, ಕಪ್ಪೆ, ಮಡಿವಾಳ ಹಕ್ಕಿ, ಕಾಗೆ ಎಲ್ಲಕ್ಕೂ ಹಬ್ಬ. ಎರೆಹುಳುಗಳು ಎಲೆಯ ಕೆಳಗೆ ಉಂಡೆಉಂಡೆ ಮಣ್ಣು ಹೊರಹಾಕಿರುವುದನ್ನು ಬೆಳಗ್ಗೆ ನೋಡಬಹುದು. ಅಗೆಯುವ, ನೆಡುವ, ಸವರುವ ಕಾಲ ನಮಗೆ ಅಲ್ಲಿಂದ ಮುಂದೆ, ಜ್ಯೇಷ್ಠ ಆಷಾಢಗಳಲ್ಲಿ. ಆಗ ಗುಂಡಿಯ ಗೊಬ್ಬರವೂ ಹದಕ್ಕೆ ಬಂದಿರುತ್ತದೆ, ಪೊದೆಯ ಗೂಡೂ ಬಹುಪಾಲು ಬರಿದಾಗಿರುತ್ತದೆ. ಅಲ್ಲಿಯವರೆಗೆ ಗೆರೆಯ ಆಚೆಗೆ ಪೊರಕೆಗೂ ಕತ್ತರಿಗೂ ಕೊಂಚ ವಿಶ್ರಾಂತಿ ಕೊಟ್ಟರೆ ಮನೆಯವರಿಗೆ ನಷ್ಟವೇನೂ ಆಗಲಾರದು.